ಮಾಳಿಗಿ ಮ್ಯಾಲ ನೋಡಿದ ಆ ಸಿನೆಮಾ

ಏಪ್ರಿಲ್ ಎರಡನೇ ಶನಿವಾರ ರಾತ್ರಿ ನಮ್ಮ ಮನಿ ಮಾಳಿಗಿ ಮ್ಯಾಲ ಎಂಟು ಮಂದಿ ಕೂತು ಒಂದು ಡಾಕ್ಯುಮೆಂಟರಿ ನೋಡಿದ್ವಿ. ಹಗಲೆಲ್ಲ ಕಾದ ಶಾಬಾದ್ ಕಲ್ಲು ರಾತ್ರಿ ಒಂಬತ್ತಾದ್ರೂ ಆರಿರಲಿಲ್ಲ, ಎರಡು ಸಲ ನೀರು ಹೊಡೆದು ಚಾಪಿ ಹಾಸಿದ್ರೂ ಕೆಳಗಿಂದ ಕಾವು ಬರ್ತಾನೇ ಇತ್ತು, ಕಲಬುರಗಿಯವರಿಗೆ ಇದೇನ್ ಹೊಸದಾಗಿ ಹೇಳೋದಲ್ಲ. ಅಕ್ಕನ ಮಗ ಬೆಂಗಳೂರಿಂದ ಬರೋವಾಗ ಒಂದು ಸಣ್ಣ ಪ್ರೊಜೆಕ್ಟರ್ ತಂದಿದ್ದ, ಟ್ಯಾಂಕಿನ ಗ್ವಾಡಿಗೆ ಕಾಕಾನ ಬಿಳಿ ಧೋತ್ರ ಕಟ್ಟಿ ಪರದೆ ಮಾಡಿದ್ವಿ. ಅಂಬೇಡ್ಕರ್ ಜಯಂತಿಗೆ ಇನ್ನ ಎರಡೇ ದಿನ ಇತ್ತು, ಗಾಳಿ ತಿರುಗಿದಾಗೊಮ್ಮೆ ಜಗತ್ ಸರ್ಕಲ್ ಕಡೆಯಿಂದ ಡಿಜೆ ಸೌಂಡ್ ಕೇಳ್ತಿತ್ತು. ಅವ್ವ, ಕಾಕಾ, ಅಕ್ಕನ ಮಗ, ನನ್ನ ಮಗಳು, ಮಗ್ಗಲ ಮನಿ ಝೆರಾಕ್ಸ್ ಅಂಗಡಿ ಭಾಯಿ, ಅವರ ಮನಿಯವರು, ನಮ್ಮ ಕಾಲೇಜಿನಾಗ ಕೆಮಿಸ್ಟ್ರಿ ಹೇಳೋ ನನ್ನ ಗೆಳತಿ, ಮತ್ತ ನಾನು.

ಸಿನೆಮಾ ಆರಿಸಿದಾಕಿ ನಾನೇ. ಪಿಯುಸಿ ಹುಡುಗ್ರಿಗೆ ಇಂಗ್ಲಿಷ್ ಹೇಳೋವಾಗ ಮಾರ್ಟಿನ್ ಲೂಥರ್ ಕಿಂಗ್ ಬರ್ತಾರಲ್ಲ, ಆವಾಗ ಹುಡುಕಿ ಇಟ್ಕೊಂಡಿದ್ದೆ. ಹೆಸರು ಫೋರ್ ಲಿಟಲ್ ಗರ್ಲ್ಸ್, ಸ್ಪೈಕ್ ಲೀ 1997ರಾಗ ಮಾಡಿದ್ದು. ಅಮೆರಿಕದ ಅಲಬಾಮಾ ರಾಜ್ಯದಾಗ ಬರ್ಮಿಂಗ್‌ಹ್ಯಾಮ್ ಅಂತ ಊರು. 1963ರ ಸೆಪ್ಟೆಂಬರ್ 15, ಭಾನುವಾರ. ಅಲ್ಲಿ ಸಿಕ್ಸ್‌ಟೀಂತ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚ್ ಅಂದ್ರ ಕಪ್ಪು ಜನರ ಚರ್ಚು, ಅವತ್ತು ಹುಡುಗ್ರ ದಿನ, ಅದಕ್ಕ ಎಲ್ಲರೂ ಹೊಸ ಅಂಗಿ ಹಾಕ್ಕೊಂಡು ಬಂದಿದ್ರು. ಬೆಳಿಗ್ಗೆ 10 ಗಂಟಿ 22 ನಿಮಿಷಕ್ಕ ಬಿಳಿಯರೇ ಮೇಲು ಅನ್ನೋ ಗುಂಪು ಕೂ ಕ್ಲಕ್ಸ್ ಕ್ಲಾನಿನವರು ಮೆಟ್ಟಿಲ ಕೆಳಗ ಇಟ್ಟ ಡೈನಮೈಟ್ ಸಿಡೀತು. ಕೆಳಗಿನ ಹೆಣ್ಮಕ್ಕಳ ರೂಮಿನಾಗ ಐದು ಹುಡುಗೀರು ಇದ್ರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೋಲ್ ರಾಬರ್ಟ್‌ಸನ್, ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ನಾಲ್ಕೂ ಮಂದಿ ಅಲ್ಲೇ ಹೋದ್ರು. ಐದನೇದಾಕಿ ಆಡಿಯ ತಂಗಿ ಸಾರಾ, 12 ವರ್ಷದಾಕಿ, ಉಳದ್ಳು, ಬಲಗಣ್ಣು ಹೋಯ್ತು.

ಈ ಸಾರಾ ಮುಂದ ದೊಡ್ಡಾಕಿ ಆಗಿ ಹೇಳಿದ್ದನ್ನ ನಾ ಮೊದಲೇ ಓದಿದ್ದೆ. ಅವ್ವಗ ಇಂಗ್ಲಿಷ್ ಬರಂಗಿಲ್ಲ, ನಾ ಪಕ್ಕದಾಗ ಕೂತು ಕನ್ನಡದಾಗ ಹೇಳ್ಕೋತ ಹೊಂಟಿದ್ದೆ, ಹಂಗೇ ಅದನ್ನೂ ಸೇರಿಸಿ ಹೇಳ್ದೆ. ಡೆನಿಸ್ ತನ್ನ ಫ್ರಾಕಿನ ಹಿಂದಿನ ಪಟ್ಟಿ ಬಿಚ್ಚದ ನೋಡು, ಸ್ವಲ್ಪ ಕಟ್ಟು ಅಂತ ಆಡಿಗೆ ಅಂದ್ಳಂತ, ಆಡಿ ಕೈ ಚಾಚಿ ಕಟ್ಟಲತ್ತಿದ್ಳಂತ, ಸಾರಾ ಕಣ್ಣಾರೆ ನೋಡಿದ್ದು ಅದೇ ಕಡೀದು. ಅವ್ವ ಏನೂ ಅನ್ಲಿಲ್ಲ. ಮುಂದ ಕೂತಿದ್ದ ನನ್ನ ಮಗಳ ಜಡಿ ಹಿಡ್ಕೊಂಡ್ಳು, ರಬ್ಬರ್ ಬ್ಯಾಂಡ್ ತೆಗೆದು ಕತ್ತಲದಾಗೇ ಮತ್ತ ಹೆಣಿಲತ್ತಿದ್ಳು. ಮಗಳು ಯಾಕ ಆಯಿ ಅಂದ್ರೂ ಬಿಡ್ಲಿಲ್ಲ. ನಾನೂ ಅಕ್ಕನೂ ಸಾಲಿಗೆ ಹೋಗೋವಾಗ ಕೆಂಪು ರಿಬ್ಬನ್ ಎರಡೆರಡು ಗಂಟು ಹಾಕಿ ಕಟ್ತಿದ್ಳು ಆಕಿ, ಸಂಜಿಗೆ ಬರೋತನಕ ಬಿಚ್ಚಬಾರದು ಅಂತ. ಡೆನಿಸ್‌ಗೂ ನನ್ನ ಮಗಳಿಗೂ ಒಂದೇ ವಯಸ್ಸು ಅನ್ನೋದು ನನಗ ಆವಾಗ ಹೊಳೀತು, ಸಿನೆಮಾ ಆರಿಸೋವಾಗ ಹೊಳೆದಿರಲಿಲ್ಲ.

ಕಾಕಾ ಶುರುವಿಂದಲೇ ಮಾತಾಡ್ಲತ್ತಿದ್ರು. ರಿಟೈರ್ ಆಗಿ ಹತ್ತು ವರ್ಷ ಆಯ್ತು, ದಿನಾ ಮೂರು ಪೇಪರ್ ಓದ್ತಾರ, ಒಳ್ಳೆ ಮನುಷ್ಯ, ನನ್ನ ಓದಿಸಿದ್ದೇ ಅವರು. ಪೊಲೀಸರು ಸಾಲಿ ಹುಡುಗ್ರ ಮ್ಯಾಲ ನಾಯಿ ಬಿಡೋದು, ಬೆಂಕಿ ನಂದಿಸೋ ಪೈಪಿನಿಂದ ನೀರು ಹೊಡೆದು ಗ್ವಾಡಿಗೆ ಒಗೆಯೋದು ಬಂತು, ಅದು ಚರ್ಚಿನ ಘಟನೆಗಿಂತ ನಾಲ್ಕು ತಿಂಗಳು ಮೊದಲು, 1963ರ ಮೇ ತಿಂಗಳದ್ದು. ಕಾಕಾ ಅಂದ್ರು, "ದೊಡ್ಡ ದೇಶ ದೊಡ್ಡ ದೇಶ ಅಂತೀರಿ, ನೋಡ್ರಿ ಇವರ ಹಣೇಬರಹ. ನಮ್ಮಲ್ಲಿ ಬಸವಣ್ಣ ಹನ್ನೆರಡನೇ ಶತಮಾನದಾಗೇ ಇದನ್ನೆಲ್ಲ ಮುಗಿಸ್ಯಾನ." ನಾವು ಲಿಂಗಾಯತರು, ಈ ಮಾತು ನಮ್ಮ ಮನ್ಯಾಗ ಉಪ್ಪಿನಕಾಯಿ ಹಂಗ, ಎಲ್ಲಾ ಊಟಕ್ಕೂ ಬರ್ತದ. ಅವತ್ತು ಮಾತ್ರ ನನಗ ಗಂಟಲದಾಗ ಸಿಕ್ಕೊಂಡ್ತು. ಬಸವಕಲ್ಯಾಣ ಇಲ್ಲಿಂದ ಎರಡು ತಾಸಿನ ದಾರಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನ ಮಾಡಿದ್ದಕ್ಕ ಆ ಇಬ್ಬರು ಬೀಗರನ್ನ ಆನಿ ಕಾಲಿಗೆ ಕಟ್ಟಿ ಎಳಸಿದ್ರು ಅಂತ ಸಣ್ಣಂದಿನಿಂದ ಪುರಾಣದಾಗ ಕೇಳಿ ಬೆಳದೀವಿ. ಬಸವಣ್ಣ ಶುರು ಮಾಡಿದ, ಮುಗಿಸ್ಲಿಕ್ಕ ಬಿಡಲಿಲ್ಲ. ಇದನ್ನ ಕಾಕಾಗ ಅಲ್ಲೇ ಹೇಳಬೇಕಿತ್ತು, ಗೆಳತಿ ಪಕ್ಕದಾಗೇ ಕೂತಿದ್ಳು, ಆದ್ರ ಹಿರಿಯರು ಅಂತ ಸುಮ್ಮನಾದೆ.

ಮತ್ತ ಆ ಸೀನ್ ಬಂತು. ಡೆನಿಸ್‌ನ ಅಪ್ಪ ಕ್ರಿಸ್ ಮೆಕ್‌ನೇರ್ ಫೋಟೋಗ್ರಾಫರ್. ಮಗಳು ಗೊಂಬಿ ಅಪ್ಪಿಕೊಂಡು ಕೂತ ಒಂದು ಫೋಟೋ ಅದ, ಬಿಳಿ ಹುಡುಗಿ ಗೊಂಬಿ, ಅಪ್ಪನೇ ತೆಗೆದಿದ್ದು, ನಕ್ಕೋತ ಕೂತಾಳ. ಆ ಅಪ್ಪ ಮುದುಕ ಆಗಿ ಕ್ಯಾಮೆರಾ ಮುಂದ ಕೂತು ಒಂದು ಕಥಿ ಹೇಳ್ತಾನ. ಕ್ರಿಸ್‌ಮಸ್ ಟೈಮಿನಾಗ ಮಗಳನ್ನ ಪ್ಯಾಟಿಗೆ ಕರಕೊಂಡು ಹೋಗ್ಯಾನ, ಒಂದು ದೊಡ್ಡ ಅಂಗಡಿ, ಅದರೊಳಗೇ ಊಟದ ಕೌಂಟರ್, ಅಡಗಿ ವಾಸನಿ ಬರ್ಲತ್ತದ, ಕೂಸು ನನಗ ಸ್ಯಾಂಡ್‌ವಿಚ್ ಬೇಕು ಅಂತದ. ಆ ಕೌಂಟರಿನಾಗ ಕಪ್ಪು ಜನ ಕೂಡಂಗಿಲ್ಲ. ರೊಕ್ಕ ಇಲ್ಲ ಅಂತಲ್ಲ, ಕಿಸೆದಾಗ ರೊಕ್ಕ ಅದ. ನೀ ಕಪ್ಪು ಅದಿ, ಅದಕ್ಕ ಕೊಡಂಗಿಲ್ಲ ಅಂತ ಅಪ್ಪ ಮಗಳಿಗೆ ತನ್ನ ಬಾಯಿಲೆ ಹೇಳಬೇಕು. ಹೇಳಿದ. ಮಗಳ ತಲಿಯಾಗ ಕಲ್ಲು ಹೊಕ್ಕು ಮಲಗಿಸಿದ್ದನ್ನ ನೋಡಿದಾಗ ಎಷ್ಟು ನೋವಾಯ್ತೋ, ಆಕಿಗೆ ಅವತ್ತು ಇದನ್ನ ಹೇಳೋವಾಗಲೂ ಹೆಚ್ಚುಕಮ್ಮಿ ಅಷ್ಟೇ ನೋವಾಗಿತ್ತು ಅನ್ನೋ ಅರ್ಥದಾಗ ಮಾತಾಡ್ತಾನ. ಅಳಂಗಿಲ್ಲ. ಹೇಳ್ತಾನ, ಅಷ್ಟೇ.

ನಾ ಅವ್ವಗ ಇದನ್ನ ಭಾಳ ಮನಸಿಟ್ಟು ಹೇಳ್ದೆ. ಆ ಅಪ್ಪನ ದನಿ ಹೆಂಗದ, ಎಲ್ಲಿ ನಿಲ್ಲಿಸ್ಯಾನ, ಎಲ್ಲಾ. ಹೇಳಿ ಮುಗಿಸೋದ್ರಾಗ ಕರೆಂಟ್ ಹೋಯ್ತು.

ಇಪ್ಪತ್ತು ನಿಮಿಷ ಕತ್ತಲ. ಧೋತ್ರ ಮಾತ್ರ ಬೆಳ್ಳಗ ಕಾಣ್ತಿತ್ತು. ಆ ಇಪ್ಪತ್ತು ನಿಮಿಷದಾಗ ಏನೇನ್ ಮಾತಾಡಿದ್ವಿ ಅನ್ನೋದು ನನಗ ಈಗ ಸಿನೆಮಾಕ್ಕಿಂತ ಹೆಚ್ಚು ನೆನಪದ. ಅಕ್ಕನ ಮಗ ಮೊಬೈಲ್ ತೆಗೆದು ಕೇಸ್ ಏನಾಯ್ತು ನೋಡ್ದ. ಬಾಂಬ್ ಇಟ್ಟವರು ಯಾರು ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ 1965ರಾಗೇ ಗೊತ್ತಿತ್ತು, ಆದ್ರ ಅದರ ದೊಡ್ಡ ಸಾಹೇಬ ಹೂವರ್ ಕೇಸ್ ನಡೆಸ್ಲಿಕ್ಕ ಬಿಡಲಿಲ್ಲ. ಚ್ಯಾಂಬ್ಲಿಸ್ ಅನ್ನೋನಿಗೆ ಶಿಕ್ಷೆ ಆಗಿದ್ದು 1977ರಾಗ. ಬ್ಲಾಂಟನ್‌ಗೆ 2001ರಾಗ, ಚೆರಿಗೆ 2002ರಾಗ. ನಾಲ್ಕನೆಯವ ಕ್ಯಾಶ್, 1994ರಾಗ ತನ್ನ ಸಾವು ತಾನೇ ಸತ್ತ, ಒಂದು ಕೇಸೂ ಹಾಕಿರಲಿಲ್ಲ. "39 ವರ್ಷ ಆದ್ರೂ ಬಿಡಲಿಲ್ಲ ನೋಡ್ರಿ, ಸಿಸ್ಟಮ್ ಅಂದ್ರ ಅದು" ಅಂದ ನಮ್ಮ ಹುಡುಗ. ಆದ್ರ ಸಿನೆಮಾ ಬಂದಿದ್ದು 1997ರಾಗ, ಆವಾಗ ಒಬ್ಬನಿಗೇ ಶಿಕ್ಷೆ ಆಗಿತ್ತು. ಪರದೆ ಮ್ಯಾಲ ಕೂತ ಆ ಅವ್ವ ಅಪ್ಪಂದಿರಿಗೆ 2001, 2002 ಗೊತ್ತಿಲ್ಲ. ನಮಗ ಗೊತ್ತದ, ಅದಕ್ಕ ನಮಗ ಸಮಾಧಾನ ಲಗೂ ಬಂತು.

ಭಾಯಿ ಅಂದ್ರು, "ಮೇಡಂ, ಮರಕುಂಬಿ ನೆನಪದ ಏನ್ರಿ?" ಕೊಪ್ಪಳ ಜಿಲ್ಲಾ ಗಂಗಾವತಿ ತಾಲೂಕು, 2014ರ ಆಗಸ್ಟ್. ಕ್ಷೌರದಂಗಡಿ, ಹೋಟೆಲಿನೊಳಗ ದಲಿತರನ್ನ ಬಿಡಂಗಿಲ್ಲ ಅನ್ನೋ ತಕರಾರು ಬೆಳೆದು ಕಡೀಕ ಅವರ ಮನಿಗೋಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮ್ಯಾಲ, 2024ರ ಅಕ್ಟೋಬರದಾಗ, ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಕೊಟ್ತು. ನಾ ಕೋಲಾರ ಕಡೆಯ ಕಂಬಾಲಪಲ್ಲಿ ಮಾತು ತೆಗೆದೆ. 2000ದ ಮಾರ್ಚ್ 11, ಏಳು ಮಂದಿ ದಲಿತರನ್ನ ಜೀವಂತ ಸುಟ್ರು, ಸಾಕ್ಷಿ ಹೇಳೋರು ತಿರುಗಿಬಿದ್ರು, 2006ರಾಗ ಎಲ್ಲಾರೂ ಖುಲಾಸೆ. ಕಾಕಾ ಅಂದ್ರು, "ಅದು ಬಣ್ಣ, ಇದು ಜಾತಿ, ಎರಡೂ ಒಂದೇ ಅಲ್ಲವಾ, ಕಲಸಬ್ಯಾಡ." ಇದೊಂದು ಮಾತು ಅರ್ಧ ಖರೆ. ಅಲ್ಲಿ ಮಾರಿ ನೋಡಿದ್ರ ಗೊತ್ತಾಗ್ತದ, ಇಲ್ಲಿ ಮಾರಿ ನೋಡಿ ಗೊತ್ತಾಗಲ್ಲ, ಅದಕ್ಕ ನಮ್ಮೂರಾಗ ಬಾಡಿಗಿ ಮನಿ ಕೇಳ್ಲಿಕ್ಕ ಹೋದ್ರ ಮೊದಲು ಯಾವೂರು ಅಂತಾರ, ಆಮ್ಯಾಲ ಅಡ್ಡಹೆಸರು, ಅಷ್ಟಕ್ಕೂ ತಿಳೀದಿದ್ರ ಯಾರ ಪೈಕಿ ಅಂತ ಸೀದಾ ಕೇಳ್ತಾರ. ಆದ್ರ ಎರಡರ ಸಂಬಂಧ ಎರಡೂ ಕಡೆಯವರೇ ಗುರುತು ಹಿಡಿದಿದ್ರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಹಾಕ್ಯಾರ ಅಂತ ತಿಳಿದು ಅಂಬೇಡ್ಕರ್ 1946ರಾಗ ಅಲ್ಲಿಯ ಕಪ್ಪು ಚಿಂತಕ ಡುಬೋಯ್ಸ್‌ಗೆ ಪತ್ರ ಬರದ್ರು. ಕಿಂಗ್ 1959ರಾಗ ಭಾರತಕ್ಕ ಬಂದಾಗ ಕೇರಳದ ಒಂದು ಸಾಲಿಯಾಗ ದಲಿತ ಮಕ್ಕಳಿದ್ರು, ಅಲ್ಲಿಯ ಹೆಡ್‌ಮಾಸ್ತರರು ಇವರನ್ನ ಅಮೆರಿಕದಿಂದ ಬಂದ ನಿಮ್ಮಂಥದೇ ಒಬ್ಬ ಅಸ್ಪೃಶ್ಯ ಅಂತ ಪರಿಚಯ ಮಾಡಿಕೊಟ್ರು. ಕಿಂಗ್‌ಗೆ ಮೊದಲು ಸಿಟ್ಟು ಬಂತಂತ. ಆಮ್ಯಾಲ ವಿಚಾರ ಮಾಡಿ, ಹೌದು, ನಾನೂ ಅಸ್ಪೃಶ್ಯನೇ ಅಂತ ಒಪ್ಪಿಕೊಂಡೆ ಅಂತ ಅವರೇ ಮುಂದ 1965ರಾಗ ತಮ್ಮ ಚರ್ಚಿನಾಗ ಹೇಳ್ಯಾರ. ನಮ್ಮ ಗುಲ್ಬರ್ಗಾದಾಗೇ 1968ರಾಗ ಬಿ. ಶ್ಯಾಮಸುಂದರ್ ದಲಿತರ ಸಂಘಟನೆ ಭೀಮಸೇನಾ ಕಟ್ಟಿದ್ರು. ಇಷ್ಟೆಲ್ಲ ನಾ ಕತ್ತಲದಾಗ ಕ್ಲಾಸ್ ತಗೊಂಡಂಗ ಹೇಳ್ದೆ. ಎಲ್ಲಾರೂ ಕೇಳಿದ್ರು. ಗೆಳತಿ ಒಂದು ಮಾತೂ ಆಡ್ಲಿಲ್ಲ, ಎದ್ದು ನೀರು ಕುಡಿದು ಬಂದು ಟ್ಯಾಂಕಿನ ಕಡೆ ಮಾರಿ ಮಾಡಿ ಕೂತ್ಳು.

ಭಾಯಿ ಮನಿಯವರು ಅಲ್ಲೀತನಕ ಸುಮ್ಮನಿದ್ದವರು ಒಂದೇ ಒಂದು ಪ್ರಶ್ನೆ ಕೇಳಿದ್ರು, "ಮರುದಿನ ಮಕ್ಕಳನ್ನ ಸಾಲಿಗೆ ಕಳ್ಸಿದ್ರೇನ್ರಿ ಅವರು?" ಅವತ್ತೇ ಮಧ್ಯಾಹ್ನ ಅದೇ ಊರಾಗ ಇನ್ನೂ ಇಬ್ಬರು ಕಪ್ಪು ಹುಡುಗ್ರು ಸತ್ತಿದ್ರು ಅಂತ ನಾ ಹೇಳ್ದೆ. ಜಾನಿ ರಾಬಿನ್ಸನ್, 16 ವರ್ಷ, ಪೊಲೀಸನ ಗುಂಡಿಗೆ. ವರ್ಜಿಲ್ ವೇರ್, 13 ವರ್ಷ, ಅಣ್ಣನ ಸೈಕಲ್ ಹ್ಯಾಂಡಲ್ ಮ್ಯಾಲ ಕೂತು ಹೊಂಟಿದ್ದವನಿಗೆ ಬಿಳಿ ಹುಡುಗನೊಬ್ಬ ಗುಂಡು ಹೊಡೆದ. ಅವರು ತಲಿ ಮ್ಯಾಲಿನ ದುಪಟ್ಟಾ ಸರಿ ಮಾಡ್ಕೊಂಡು, "ಗಲಾಟಿ ಆದ ದಿನಕ್ಕಿಂತ ಮರುದಿನ ಹಾಲು ತರ್ಲಿಕ್ಕ ಹೋಗೋದು ಕಷ್ಟ ಆಗ್ತದ್ರಿ" ಅಂದ್ರು. ಭಾಯಿ ಅವರ ಕಡೆ ನೋಡಿ ನೆಲ ನೋಡಿದ್ರು. ನಾ ಹದಿನೈದು ವರ್ಷದಿಂದ ಅವರ ಮಗ್ಗಲ ಮನ್ಯಾಗ ಅದೀನಿ, ಆ ಮಾತು ಅವರ ಬಾಯಿಂದ ಎಂದೂ ಕೇಳಿರಲಿಲ್ಲ.

ಕರೆಂಟ್ ಬಂತು. ಸಿನೆಮಾ ಮುಂದ ಹೋಯ್ತು, ಮತ್ತ ಆ ಫೋಟೋಗೋಳು ಬಂದ್ವು. ಪೋಸ್ಟ್‌ಮಾರ್ಟಮ್ ಫೋಟೋ. ಸ್ಪೈಕ್ ಲೀ ಅವನ್ನ ಹೆಚ್ಚು ಹೊತ್ತು ನಿಲ್ಸಂಗಿಲ್ಲ, ಕಣ್ಣು ಮುಚ್ಚಿ ತೆಗೆಯೋದ್ರಾಗ ಹೋಗ್ತಾವ, ಆದ್ರ ಹೋಗಂಗಿಲ್ಲ, ಒಳಗ ಉಳೀತಾವ. ನನಗ ಗೊತ್ತಿರಲಿಲ್ಲ ಬರ್ತಾವಂತ. ಮಗಳು ನೋಡಿಬಿಟ್ಳು. ಅಕ್ಕನ ಮಗ ಸಿಟ್ಟಾಗಿ ಪ್ರೊಜೆಕ್ಟರ್ ಮುಂದ ಕೈ ಅಡ್ಡ ಹಿಡಿದ. "ಇದು ಬೇಕಿತ್ತಾ ಚಿಗವ್ವ? ಸತ್ತ ಕೂಸುಗೋಳು ಇವು, ಮಾರ್ಕೆಟಿಂಗ್ ಮಾಡ್ಯಾನ ಆ ಡೈರೆಕ್ಟರ್." ಕಾಕಾನೂ ಹೌದಂದ್ರು, ನಮ್ಮ ಕಡೆ ಸತ್ತವರ ಮಾರಿಗೆ ವಸ್ತ್ರ ಮುಚ್ತೀವಿ, ಅದೊಂದು ಮರ್ಯಾದಿ. ನಾ 1955ರ ಎಮೆಟ್ ಟಿಲ್ ಬಗ್ಗೆ ಹೇಳ್ದೆ. 14 ವರ್ಷದ ಹುಡುಗ, ಮಿಸಿಸಿಪ್ಪಿಯಾಗ ಗುರುತು ಸಿಗದಂಗ ಹೊಡೆದು ಕೊಂದು ಹೊಳಿಗೆ ಒಗೆದಿದ್ರು, ಅವನ ತಾಯಿ ಮೇಮಿ ಟಿಲ್ ಶಿಕಾಗೋದಾಗ ಪೆಟಿಗಿ ಮುಚ್ಚಳ ತೆಗೆದೇ ಇಡ್ರಿ, ನನ್ನ ಮಗನಿಗೆ ಏನ್ ಮಾಡ್ಯಾರ ಜನ ನೋಡ್ಲಿ ಅಂದ್ಳು. ಆದ್ರ ನಮ್ಮ ಹುಡುಗ ಅಂದಿದ್ರಾಗೂ ನ್ಯಾಯ ಅದ, ಅಲ್ಲಿ ಮುಚ್ಚಳ ತೆಗೆಸಿದಾಕಿ ತಾಯಿ, ಇಲ್ಲಿ ತೋರಿಸಿದವ ಡೈರೆಕ್ಟರ್. ಅದು ಒಂದೇ ಅಲ್ಲ. ನನಗ ಈಗಲೂ ಅವು ಇರಬೇಕಿತ್ತು ಅಂತಲೇ ಅನಿಸ್ತದ, ಯಾಕಂದ್ರ ಅಲ್ಲೀತನಕ ನಾಲ್ಕು ಮಂದಿ ನಕ್ಕೋತ ಇದ್ದ ಫೋಟೋನೇ ನೋಡಿ ನೋಡಿ ಇದೊಂದು ದುಃಖದ ಕಥಿ ಅಂತ ಮನಸು ಒಗ್ಗಿಬಿಟ್ಟಿರ್ತದ, ಇದು ಕಥಿ ಅಲ್ಲ ಕೊಲಿ ಅಂತ ಆವಾಗ ತಿಳೀತದ. ಆದ್ರ 11 ವರ್ಷದ ಮಗಳನ್ನ ಮುಂದ ಕೂಡಿಸ್ಕೊಂಡು ಮೊದಲೇ ನೋಡಿಟ್ಟುಕೊಳ್ಳದೇ ಹಾಕಿದ್ದು ನನ್ನ ತಪ್ಪು. ಆ ರಾತ್ರಿ ಮಗಳು ನನ್ನ ಮಗ್ಗಲದಾಗೇ ಮಲಗಿದ್ಳು. "ಅವರು ಬಾಂಬ್ ಇಡೋವಾಗ ಒಳಗ ಹುಡುಗೀರು ಅದಾರ ಅಂತ ಗೊತ್ತಿತ್ತಾ?" ಅಂತ ಕೇಳಿದ್ಳು. ಭಾನುವಾರ ಚರ್ಚಿನಾಗ ಮಕ್ಕಳು ಇರ್ತಾರ ಅಂತ ಯಾರಿಗೆ ಗೊತ್ತಿರಂಗಿಲ್ಲ ಅಂತ ಹೇಳ್ದೆ. ಆಕಿ ಮತ್ತೇನೂ ಕೇಳ್ಲಿಲ್ಲ, ಆದ್ರ ಭಾಳ ಹೊತ್ತು ಎಚ್ಚರ ಇದ್ಳು.

ಫೋಟೋ ಜಗಳ ಇನ್ನ ಪೂರ್ತಿ ತಣ್ಣಗಾಗಿರಲಿಲ್ಲ, ಜಾರ್ಜ್ ವ್ಯಾಲೇಸ್ ಬಂದ. 1963ರಾಗ ಅಲಬಾಮಾದ ಗವರ್ನರ್. ಬಿಳಿಯರು ಬ್ಯಾರೆ, ಕಪ್ಪು ಜನ ಬ್ಯಾರೆ, ಇವತ್ತೂ ನಾಳೆನೂ ಯಾವಾಗ್ಲೂ ಹಿಂಗೇ ಇರಬೇಕು ಅಂತ ಪ್ರಮಾಣವಚನದ ದಿನ ಭಾಷಣ ಮಾಡಿದವ. 1972ರಾಗ ಇವನಿಗೆ ಗುಂಡು ಬಿದ್ದು ಸೊಂಟದ ಕೆಳಗ ಸ್ವಾಧೀನ ಹೋಗಿತ್ತು. ಸಿನೆಮಾದಾಗ ಮುದುಕ ಆಗ್ಯಾನ, ಮಾತು ಸರಿ ತಿಳಿಯಂಗಿಲ್ಲ. ನಾ ಕಪ್ಪು ಜನರಿಗೆ ಅಷ್ಟು ಮಾಡೀನಿ ಇಷ್ಟು ಮಾಡೀನಿ ಅಂತಾನ, ತನ್ನ ಸೇವಾ ಮಾಡೋ ಕಪ್ಪು ಮನುಷ್ಯನನ್ನ, ಎಡ್ ಅಂತ ಹೆಸರು, ಬಾ ಬಾ ಅಂತ ಕರೆದು ಕ್ಯಾಮೆರಾದೊಳಗ ತರ್ತಾನ, ಇವನೇ ನೋಡ್ರಿ ನನ್ನ ಜೀವದ ಗೆಳೆಯ ಅಂತಾನ. ಎಡ್ ನಿಂತಾನ. ನಿಂತಲ್ಲೇ ಸಣ್ಣ ಆಗ್ಲತ್ತಾನ, ಎಲ್ಲಿ ನೋಡಬೇಕು ತಿಳೀವಲ್ದು ಅವನಿಗೆ.

ಕಾಕಾ ಅಂದ್ರು, "ಕಡೀಕಾದ್ರೂ ಮನುಷ್ಯ ಬದಲಾದ ನೋಡು. ವಯಸ್ಸು ಎಲ್ಲಾ ಕಲಿಸ್ತದ." ಖರೆ ಖುಷಿಯಿಂದ ಅಂದ್ರು. ಅಕ್ಕನ ಮಗ ಇದು ನಾಟಕ ಅಂದ. ಭಾಯಿ ತಲಿ ಅಳ್ಳಾಡಿಸಿದ್ರು. ಅವ್ವ ಕೇಳಿದ್ಳು, "ಆ ಕರಿ ಮನುಷ್ಯಾ ಏನಂದ?" ಏನೂ ಅನ್ಲಿಲ್ಲವಾ ಅಂದೆ. "ಅವನಿಗೆ ಕೇಳ್ಳಿಲ್ಲಾ ಯಾರೂ?" ಇಲ್ಲ. ಅವ್ವ "ಹ್ಮ್" ಅಂದ್ಳು. ಗೆಳತಿ ಅವತ್ತು ಮೊದಲನೇ ಸಲ ತಿರುಗಿ ಅವ್ವನ ಮಾರಿ ನೋಡಿದ್ಳು.

ಹನ್ನೊಂದೂವರಿಗೆ ಮುಗೀತು. ಗೆಳತಿನ್ನ ಬಿಡ್ಲಿಕ್ಕ ಸ್ಕೂಟಿ ಮ್ಯಾಲ ನಾನೇ ಹೋದೆ, ಆಕಿ ಮನಿ ಸೇಡಂ ರೋಡ್ ಕಡೆ. ಅಪ್ಪನ ಕೆರಿ ದಾಟಿ ಸ್ವಲ್ಪ ತಂಪು ಗಾಳಿ ಬಂದ್ಮ್ಯಾಲ ಹಿಂದಿಂದ ಮಾತಾಡಿದ್ಳು. "ನೀವೆಲ್ಲ ಫೋಟೋ ಬಗ್ಗೆ ಅರ್ಧ ತಾಸು ಜಗಳ ಆಡಿದ್ರಿ. ಕೋರ್ಟ್ ಬಗ್ಗೆ ಮಾತಾಡಿದ್ರಿ. ಸ್ಯಾಂಡ್‌ವಿಚ್ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ." ನಾ ಸ್ಪೀಡ್ ಕಮ್ಮಿ ಮಾಡ್ದೆ. ಆಕಿ ಅಪ್ಪ ಪ್ರೈಮರಿ ಮಾಸ್ತರ್ ಆಗಿದ್ರು. ಆಕಿಗೆ ಏಳೋ ಎಂಟೋ ವರ್ಷ ಇದ್ದಾಗ ಸಂತಿ ದಿನ ತಾಲೂಕಿನ ಊರಿಗೆ ಅಂಗಿ ಬಟ್ಟಿ ತರ್ಲಿಕ್ಕ ಕರಕೊಂಡು ಹೋಗಿದ್ರಂತ. ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಹೋಟೆಲ್, ಮಿರ್ಚಿ ಭಜಿ ಕರೀಲತ್ತಿದ್ರು, ವಾಸನಿಗೆ ಈಕಿ ಅಲ್ಲೇ ನಿಂತುಬಿಟ್ಳಂತ. ಅಪ್ಪ ಕೈ ಹಿಡ್ಕೊಂಡು ಮುಂದ ಎಳೆದು, "ಬ್ಯಾಡವಾ, ಇಲ್ಲಿ ಎಣ್ಣಿ ಛಲೋ ಇರಂಗಿಲ್ಲ, ಹೊಟ್ಟಿ ಕೆಡ್ತದ" ಅಂದ್ರಂತ. ಈಕಿ ನಂಬಿದ್ಳು. ಕಾಲೇಜಿಗೆ ಬರೋತನಕ ಗೆಳತ್ಯಾರಿಗೆಲ್ಲ ಆ ಹೋಟೆಲಿಗೆ ಹೋಗಬ್ಯಾಡ್ರೆ, ಅಲ್ಲಿ ಎಣ್ಣಿ ಛಲೋ ಇಲ್ಲ ಅಂತಿದ್ಳಂತ. ಆ ಹೋಟೆಲಿನಾಗ ಅವರ ಕೇರಿಯವರಿಗೆ ಹೊರಗ ಕಟ್ಟಿ ಮ್ಯಾಲ ಬ್ಯಾರೆ ಚಹಾದ ಕಪ್ ಇಟ್ಟಿರ್ತಿದ್ರು, ತಾವೇ ತಗೊಂಡು ತಾವೇ ತೊಳೆದಿಡಬೇಕಿತ್ತು ಅಂತ ತಿಳಿದಿದ್ದು ಆಮ್ಯಾಲ, ಅದೂ ಅಪ್ಪ ತೀರಿಕೊಂಡ ಮ್ಯಾಲ ದೊಡ್ಡಪ್ಪ ಹೇಳಿ.

"ಆ ಮೆಕ್‌ನೇರ್ ಖರೆ ಹೇಳ್ದ, ನಮ್ಮಪ್ಪ ಸುಳ್ಳು ಹೇಳ್ದ" ಅಂದ್ಳು. "ಯಾವುದು ಹೇಳೋವಾಗ ಹೆಚ್ಚು ಕಷ್ಟ ಆಗಿರ್ತದ ಅಂತ ಕೇಳ್ಲಿಕ್ಕ ನಮ್ಮಪ್ಪ ಇಲ್ಲ ಈಗ." ಬುದ್ಧ ವಿಹಾರದ ಕಡೆ ತಿರುಗೋ ರೋಡಿಗೆ ಸ್ವಲ್ಪ ಮೊದಲೇ ಆಕಿ ಮನಿ. ಇಳಿದು, ನಾಳೆ ಪೇಪರ್ ವ್ಯಾಲ್ಯುವೇಶನ್ ಅದ ನೆನಪಿರ್ಲಿ ಅಂದು ಒಳಗ ಹೋದ್ಳು.

ವಾಪಸ್ ಬರೋವಾಗ ಒಬ್ಬಾಕಿನೇ. ಆವಾಗ ನನಗ ಇನ್ನೊಂದು ನೆನಪಾಯ್ತು, ಬರ್ಮಿಂಗ್‌ಹ್ಯಾಮಿನದೇ. ಬಾಂಬ್ ಬಿದ್ದ ಮರುದಿನ, ಸೆಪ್ಟೆಂಬರ್ 16ಕ್ಕ, ಚಾರ್ಲ್ಸ್ ಮಾರ್ಗನ್ ಅಂತ ಒಬ್ಬ ಬಿಳಿ ವಕೀಲ ಊರಿನ ವ್ಯಾಪಾರಿಗಳ ಕ್ಲಬ್ಬಿನಾಗ ಎದ್ದು ನಿಂತು, ಇದನ್ನ ಯಾರು ಮಾಡಿದ್ರು ಅಂತ ಎಲ್ಲಾರೂ ಕೇಳ್ಲತ್ತೀರಿ, ಮಾಡಿದವರು ನಾವೆಲ್ಲರೂ ಅಂದ. ಬಾಂಬ್ ಇಟ್ಟವರ ಹೆಸರು ಹೇಳ್ಲಿಲ್ಲ, ದಿನಾ ಮಂದಿ ಸಹಜ ಅಂತ ಆಡೋ ಮಾತುಗೋಳನ್ನ ಹೇಳ್ದ. ಆಮ್ಯಾಲ ಬೆದರಿಕಿ ಬಂದು ಬಂದು ಮನಿ ಮಂದಿ ಕಟ್ಕೊಂಡು ಆ ಊರೇ ಬಿಡಬೇಕಾಯ್ತು ಆತ. ಈ ಮಾತನ್ನ ನಾ ಕ್ಲಾಸಿನಾಗ ಎಷ್ಟು ವರ್ಷ ಹೇಳೀನಿ. ಹೇಳೋವಾಗ ಒಂದು ಸಲಾನೂ ನಮ್ಮ ಅಡಗಿ ಮನಿ ನೆನಪಾಗಿರಲಿಲ್ಲ.

ನಮ್ಮ ಮನಿಗೆ ಹದಿನಾಲ್ಕು ವರ್ಷದಿಂದ ಬಾಂಡಿ ತಿಕ್ಕಲಿಕ್ಕ ಬರೋ ಆಕಿ ಅದಾಳ. ಮನಿ ಮಗಳಿದ್ದಂಗ ಅಂತ ನಾವು ಎಲ್ಲರ ಮುಂದೂ ಅಂತೀವಿ. ನನ್ನ ಬಾಣಂತನದಾಗ ಎಣ್ಣಿ ಹಚ್ಚಿ ನೀರು ಹಾಕಿದಾಕಿ ಆಕಿನೇ. ಆಕಿ ಚಹಾ ಕುಡಿಯೋ ಸ್ಟೀಲ್ ಗ್ಲಾಸ್ ಹಿಂದಿನ ಬಾಗಿಲ ಮಾಡದಾಗ ಇರ್ತದ, ಅಂಚು ಸ್ವಲ್ಪ ನೆಗ್ಗಿದ್ದು. ಅದನ್ನ ಅಲ್ಲಿ ಯಾರು ಇಟ್ರು, ಯಾವಾಗ ಇಟ್ರು, ಯಾರೂ ಹೇಳಂಗಿಲ್ಲ. ಮೂರು ವರ್ಷದ ಹಿಂದ ಬ್ಯಾಸಿಗಿ ರಜಾದಾಗ ಆಕಿ ತನ್ನ ಮಗಳನ್ನ ಕರಕೊಂಡು ಬಂದಿದ್ಳು. ಎಂಟು ವರ್ಷದ ಹುಡುಗಿ, ಬಿಸಿಲಾಗ ನಡಕೋತ ಬಂದು ಮಾರಿ ಕೆಂಪಾಗಿತ್ತು. ನೀರು ಬೇಕು ಅಂತ ಸೀದಾ ಒಳಗ ಬಂದು, ತೊಳೆದು ಸ್ಟ್ಯಾಂಡಿನಾಗ ಇಟ್ಟ ಗ್ಲಾಸಿಗೆ ಕೈ ಹಾಕ್ತು. ಆಕಿ ಬಚ್ಚಲ ಕಡೆಯಿಂದ ಓಡಿ ಬಂದು ಮಗಳ ಮಣಿಕಟ್ಟು ಹಿಡಿದ್ಳು, ಹಸಿ ಕೈ, ಇನ್ನ ಸೋಪಿನ ನೊರಿ ಇತ್ತು. "ಅದಲ್ಲ" ಅಂದ್ಳು. ಭಾಳ ಸಣ್ಣ ದನಿ. ಹುಡುಗಿ ಯಾಕ ಅಂತ ಕೇಳ್ಲಿಲ್ಲ. ತನ್ನ ಅವ್ವನ ಮಾರಿ ನೋಡಿತು, ನನ್ನ ಮಾರಿ ನೋಡಿತು. ನಾ ಗ್ಯಾಸ್ ಕಟ್ಟಿ ಮುಂದ ನಿಂತಿದ್ದೆ, ಎಲ್ಲಾ ನೋಡ್ಲತ್ತಿದ್ದೆ, ಹಾಲು ಉಕ್ಕಲತ್ತದ ಅನ್ನಂಗ ಆ ಕಡೆ ತಿರುಗಿದೆ. ಹಾಲು ಉಕ್ಕಿರಲಿಲ್ಲ.

ಅದನ್ನೇ ಆ ರಾತ್ರಿ ಮಾಳಿಗಿ ಮ್ಯಾಲ ಅವ್ವಗ ಕನ್ನಡದಾಗ ಬಿಡಿಸಿ ಬಿಡಿಸಿ ಹೇಳಿದ್ದೆ ನಾ, ಬರ್ಮಿಂಗ್‌ಹ್ಯಾಮಿನ ಕಥಿ ಅಂತ.

ಸೋಮವಾರ ಅವ್ವಗ ಇದನ್ನ ಹೇಳ್ದೆ. ಜಗಳ ಆಗ್ತದ ಅಂದ್ಕೊಂಡಿದ್ದೆ. ಅವ್ವ ಜ್ವಾಳ ಹಸನ ಮಾಡ್ಲತ್ತಿದ್ಳು, ಮರದಾಗಿನ ಕೈ ನಿಂತ್ತು. "ನಾ ಆಕಿಗೆ ಎಂದೂ ಹೇಳಿಲ್ಲ, ಅದು ನಿಂದು ಅಂತ. ನಮ್ಮತ್ತಿ ಕಾಲದಾಗಿಂದ ಅಲ್ಲಿ ಒಂದು ಗ್ಲಾಸ್ ಇರ್ತದ. ಆಕಿ ಬಂದ ಮೊದಲನೇ ದಿನ ತಾನೇ ತಗೊಂಡ್ಳು" ಅಂದ್ಳು. ಸ್ವಲ್ಪ ತಡೆದು, "ಆ ಕರಿ ಮನುಷ್ಯಾಗ ಯಾರೂ ಕೇಳ್ಳಿಲ್ಲ ಅಂದ್ಯಲ್ಲ" ಅಂದ್ಳು. ಮತ್ತ ಜ್ವಾಳ ಹಸನ ಮಾಡ್ಲಿಕ್ಕ ಹತ್ತಿದ್ಳು. ಕಾಕಾಗ ಹೇಳ್ದೆ, ಕಾಕಾ ಪೇಪರ್ ಮಡಚಿ, ಇಂಥಾ ಸಣ್ಣ ಸಣ್ಣದಕ್ಕೆಲ್ಲ ಅಷ್ಟು ದೊಡ್ಡದು ತಂದು ಜೋಡಿಸಬಾರದು ಅಂದ್ರು. ಸಿಟ್ಟಿಲೆ ಅಲ್ಲ, ಬ್ಯಾಸರಿಲೆ. ಅವರ ಸಂಗಟ ಆ ಮಾತು ಇನ್ನ ನಡದದ, ಮುಗಿದಿಲ್ಲ.

ನೆಗ್ಗಿದ ಗ್ಲಾಸ್ ತೆಗೆದು ಹಾಕೀನಿ. ಆಕಿಗೆ ನಮ್ಮ ಸ್ಟ್ಯಾಂಡಿನ ಗ್ಲಾಸಿನಾಗೇ ಚಹಾ ಕೊಡ್ತೀನಿ, ಒಳಗ ಕೂಡು ಅಂತೀನಿ. ಮೊದಲನೇ ದಿನ ಆಕಿ ಗ್ಲಾಸ್ ನೋಡಿ, ನನ್ನ ನೋಡಿ, ನನ್ನದು ಎಲ್ಲಿ ಹೋಯ್ತು ಅಂತ ಮಾಡದಾಗ ಕೈಯಾಡಿಸಿ ಹುಡುಕಿದ್ಳು. ಆಕಿಗೆ ಏನಂತ ಹೇಳಬೇಕು ತಿಳೀಲಿಲ್ಲ ನನಗ. ಈಗ ಒಂದು ತಿಂಗಳಾಯ್ತು. ಗ್ಲಾಸ್ ಇಸ್ಕೋತಾಳ, ಆದ್ರ ಒಳಗ ಕೂಡಂಗಿಲ್ಲ, ಹಿಂದಿನ ಬಾಗಿಲ ಹೊರಗ ಬಟ್ಟಿ ಒಗೆಯೋ ಕಲ್ಲಿನ ಮ್ಯಾಲ ಕೂತೇ ಕುಡೀತಾಳ, ಕುಡಿದು ತೊಳೆದು, ಸ್ಟ್ಯಾಂಡಿನಾಗ ಇಡದೇ ಕಟ್ಟಿ ತುದಿಗೆ ಬ್ಯಾರೆ ಬೋರಲ ಹಾಕಿ ಹೋಗ್ತಾಳ. ನಾ ಅದನ್ನ ಎತ್ತಿ ಸ್ಟ್ಯಾಂಡಿನಾಗ ಇಡ್ತೀನಿ. ಮರುದಿನ ಮತ್ತ ಅಲ್ಲೇ ಇರ್ತದ. ಬರೋ ವಾರದಿಂದ ಸಾಲಿಗೆ ರಜಾ ಮುಗೀತಾವ, ಅಷ್ಟರೊಳಗ ಒಂದಿನ ಮಗಳನ್ನ ಕರಕೊಂಡು ಬಾ ಅಂದೀನಿ. ನೋಡ್ತೀನ್ರಿ ಅಕ್ಕೋರೆ ಅಂದಾಳ.